ಸರ್ ಚಪ್ಪಲಿ ಏಳೋ ಎಂಟೋ?

ಎಂಬತ್ತರ ದಶಕ. ರಾಯಚೂರಿನ ನಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ ಕರೆಂಟ್ ಹೋಯಿತು. ಬಾಗಿಲಾಚೆ ಬಿಟ್ಟಿದ್ದ ಎಲ್ಲರ ಹವಾಯಿ ಚಪ್ಪಲಿಗಳನ್ನು ಸರ್ ಸಾಲಾಗಿ ಇಡಿಸಿದರು.

"ಇದೇ ಅರೇ, ಅಂದ್ರ ಕಂಪ್ಯೂಟರಿನ್ಯಾಗ ಸಾಲಾಗಿ ಇಟ್ಟ ನಂಬರ್‌ಗಳು, ಅಂತ ತಿಳ್ಕೊರಿ. ನಂಬರ್ ನೋಡಿ ಸಣ್ಣದರಿಂದ ದೊಡ್ಡದಕ್ಕ ಜೋಡಿಸ್ರಿ. ಎರಡು ಅದಲುಬದಲು ಮಾಡಾಕ ಮೂರನೇ ಖಾಲಿ ಜಾಗ ಬೇಕೇ ಬೇಕು!"

ಜೋಡಿಸುತ್ತಾ ಹೋದರೆ ಸರ್ ಅವರ ಎಡಗಾಲಿನದು ಏಳು, ಬಲಗಾಲಿನದು ಎಂಟು. ನಮ್ಮ ಜೊತೆ ಕಲಿಯುತ್ತಿದ್ದ ಮಾನ್ವಿಯ ಖಲೀಲನದು ಉಲ್ಟಾ. ಹಿಂದಿನ ವಾರ ಇಬ್ಬರೂ ಪೋತ್ನಾಳದ ಒಂದೇ ಮದುವೆಯಲ್ಲಿ ಉಂಡು ಬಂದಿದ್ದರು.

ಸರ್ ತಮ್ಮ ಬಲಗಾಲಿನದನ್ನು ಖಲೀಲನ ಕೈಗಿಟ್ಟು, ಅವನದನ್ನು ಕಸಿದುಕೊಂಡರು.

"ಸರ್, ಮೂರನೇ ಖಾಲಿ ಜಾಗ?" ಎಂದೆ.

"ಬಾಯಿ ಮುಚ್ಚಲೇ!"

ಅವತ್ತು ಅರೇ ಎಷ್ಟು ತಲೆಗೆ ಹತ್ತಿತೋ ಗೊತ್ತಿಲ್ಲ. ಮದುವೆ ಮನೆಯಿಂದ ಹೊರಡುವಾಗ ಮಾತ್ರ ಇಂದಿಗೂ ಚಪ್ಪಲಿಯ ನಂಬರ್ ನೋಡಿಯೇ ಮೆಟ್ಟುತ್ತೇನೆ. ಎರಡರದ್ದೂ.