ಕೆಂಗೇರಿಯಾಚೆ, ಲೋಕೇಶ ಮಾಡಿದ ಡಬ್ಬಿ

ಶನಿವಾರ ಮಧ್ಯಾಹ್ನ ಎರಡಕ್ಕೆ ಕಾಮಾಕ್ಷಿಪಾಳ್ಯದ ಮನೆಗೆ ಬೀಗ ಹಾಕಿ ನಾನೂ ಅಮ್ಮನೂ ಹೊರಟೆವು. ವಿಜಯನಗರದಲ್ಲಿ ಬಸ್ಸು ಬದಲಿಸಿ ಕೆಂಗೇರಿ ಮುಟ್ಟಿದಾಗ ನಾಲ್ಕಾಗಿತ್ತು. ಅಲ್ಲಿಂದ ತೋಟಕ್ಕೆ ನಾಲ್ಕು ಕಿಲೋಮೀಟರ್. ಆಟೋದವನು ಐವತ್ತು ಕೇಳಿ ನಲವತ್ತಕ್ಕೆ ಒಪ್ಪಿದ. ಮೋಡವಿತ್ತು, ಮಳೆ ಇರಲಿಲ್ಲ.

ಗೂಡ್ಸ್ ರೈಲಿನ ಕೊನೆಯಲ್ಲಿ ಗಾರ್ಡ್ ಕೂರುತ್ತಿದ್ದ ಹಳೆಯ ಡಬ್ಬಿಯೊಂದನ್ನು ನಿವೃತ್ತ ಮೇಷ್ಟ್ರು ಚಂದ್ರಶೇಖರಯ್ಯನವರು ಹರಾಜಿನಲ್ಲಿ ಕೊಂಡು ತೋಟಕ್ಕೆ ತರಿಸಿದ್ದರು. ರಜೆಗೆ ಬರುವವರಿಗೆ ಬಾಡಿಗೆಗೆ ಕೊಡಲು ಅದನ್ನು ಮನೆ ಮಾಡಿಸಿದರು. ಮರಗೆಲಸ ನನ್ನದು, ನನ್ನ ತಮ್ಮ ಲೋಕೇಶನದು. ಏಳು ತಿಂಗಳ ಹಿಂದೆ ಅದರ ಚಾವಣಿಗೆ ತಗಡು ಹೊಡೆಯುವಾಗ ಲೋಕೇಶ ಏಣಿಯಿಂದ ಬಿದ್ದು ತೀರಿಕೊಂಡ. ಮಿಕ್ಕಿದ್ದನ್ನು ನಾನು ಮುಗಿಸಿದೆ. ಮನೆ ಮಾಡಿದವರಿಗೆ ತಾಂಬೂಲ ಕೊಡದೆ ಹೊರಗಿನವರನ್ನು ಒಳಗೆ ಬಿಡುವುದಿಲ್ಲವೆಂದು ಮೇಷ್ಟ್ರು ಹಟ ಹಿಡಿದರು. ಅಮ್ಮ ಬಂದು ಒಂದು ದಿನ ಇದ್ದು, ತಮ್ಮನ ಪಾಲಿನದನ್ನು ತೆಗೆದುಕೊಳ್ಳಬೇಕೆಂದರು.

ಏಣಿ ಜಾರಿತು ಎಂದಷ್ಟೇ ನಾನು ಎಲ್ಲರಿಗೂ ಹೇಳಿದ್ದೆ. ಅದನ್ನು ಹಿಡಿದಿದ್ದವನು ನಾನು, ನಡುವೆ ಬಿಟ್ಟು ಹೋಗಿದ್ದೆ ಎಂಬುದು ಅಮ್ಮನಿಗೆ ಗೊತ್ತಿರಲಿಲ್ಲ. ತಾಂಬೂಲಕ್ಕೆ ಮುಂಚೆ ಹೇಳಿಬಿಡಬೇಕೆಂದುಕೊಂಡಿದ್ದೆ.

ಮೇಷ್ಟ್ರು ಬಾಗಿಲು ತೆರೆದರು. "ಎಲ್ಲೂ ಹೋಗದೆ ಇರೋ ರೈಲಮ್ಮ ಇದು. ಸ್ಟೇಷನ್ ಬಂತಾ ಅಂತ ಎದ್ದು ಕೂರ್ಬೇಡಿ."

"ನಿದ್ದೆ ಬಂದ್ರೆ ತಾನೆ ಸ್ವಾಮಿ ಎದ್ದು ಕೂರೋದು," ಎಂದಳು ಅಮ್ಮ.

ಒಳಗೆ ಎರಡು ಮಂಚ, ಒಂದು ಮಡಚುವ ಮೇಜು, ಮೂಲೆಯಲ್ಲಿ ಗ್ಯಾಸ್ ಒಲೆ. ಗೋಡೆ ಹಳೆಯ ತೇಗ. ಅಮ್ಮ ಕಿಟಕಿ ಚೌಕಟ್ಟುಗಳನ್ನು ಒಂದೊಂದಾಗಿ ಮುಟ್ಟಿ, "ಇದು ಅವನು ಮಾಡಿದ್ದಾ?" ಎಂದು ಕೇಳಿದಳು. ಮೂರು ಅವನದು, ಒಂದು ನನ್ನದು.

ಸಂಜೆ ಚಿತ್ರಾನ್ನ ತಿನ್ನುವಾಗ ಹೇಳಿದೆ. ನಮ್ಮ ಕೆಲಸದಲ್ಲೊಂದು ಪದ್ಧತಿಯಿದೆ. ಏಣಿ ಹಿಡಿದವನು "ಹಿಡಿದೆ" ಅನ್ನಬೇಕು, ಕೈ ತೆಗೆಯುವಾಗ "ಬಿಟ್ಟೆ" ಅನ್ನಬೇಕು. ಅವತ್ತು ಬೇರೊಬ್ಬ ಗಿರಾಕಿಯ ಫೋನ್ ಬಂತು. ಡಬ್ಬಿಯ ಹತ್ತಿರ ಸಿಗ್ನಲ್ ಇರಲಿಲ್ಲ. ತೋಟದ ಗೇಟಿನವರೆಗೆ ಹೋದೆ. "ಬಿಟ್ಟೆ" ಅನ್ನಲಿಲ್ಲ.

ಅಮ್ಮ ತಟ್ಟೆ ಕೆಳಗಿಟ್ಟಳು. "ಅವನು ಕೂಗಿದ್ನೇನೋ?"

"ಕೇಳಿಸ್ಲಿಲ್ಲ ಕಣಮ್ಮ. ದೂರ ಇದ್ದೆ."

ಅವಳು ಎದ್ದು ಕೈ ತೊಳೆದಳು. ಗೋಡೆಯ ಕಡೆ ತಿರುಗಿ ಮಲಗಿದಳು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಎರಡು ಪಂಚೆ ಇಟ್ಟುಕೊಂಡು ಬಂದರು. ಅಮ್ಮ, "ಒಂದ್ನಿಮಿಷ ಸ್ವಾಮಿ," ಎಂದು ಕೆಳಗಿಳಿದು ನನ್ನನ್ನು ಕೇಳಿದಳು. "ಎಲ್ಲಿ ಬಿದ್ದ?"

ಬಾಗಿಲಿನಿಂದ ನಾಲ್ಕು ಹೆಜ್ಜೆ, ಬಲಕ್ಕೆ. ತೋರಿಸಿದೆ. ಅವಳು ಅಲ್ಲಿ ನಿಂತಳು. "ನೀನು ಗೇಟ್ ಹತ್ರ ಹೋಗು. ಅವತ್ತು ನಿಂತಿದ್ದ ಜಾಗಕ್ಕೆ."

ಅರವತ್ತೆರಡು ಹೆಜ್ಜೆ. ರಸ್ತೆಗೆ ಮುಖ ಮಾಡಿ ನಿಂತೆ. ಒಂದು ಟೆಂಪೋ ಹೋಯಿತು. ಆಮೇಲೆ ಹಿಂದಿನಿಂದ ಅಮ್ಮನ ಒಡಕು ದನಿ ಬಂತು. "ಅಣ್ಣಾ..."

ಪೂರ್ತಿ ಕೇಳಿಸಿತು.

ನಾನು ಹಿಂದಿರುಗಿ ಅವಳೆದುರು ನಿಂತೆ. ಕೇಳಿಸಲಿಲ್ಲ ಅನ್ನಬಹುದಿತ್ತು, ಟೆಂಪೋ ಹೋಗಿತ್ತಲ್ಲ. "ಕೇಳಿಸ್ತಮ್ಮ," ಎಂದೆ. "ಅವತ್ತೂ ಕೇಳಿಸ್ತು. ಎರಡು ಸಲ ಕೂಗ್ದ. ತಿರುಗ್ಲಿಲ್ಲ ನಾನು, ಇರು ಅಂತ ಕೈ ತೋರಿಸ್ದೆ."

ಅಮ್ಮ ಕಣ್ಣು ಮುಚ್ಚಿಕೊಂಡಳು. ತಟ್ಟೆ ಹಿಡಿದಿದ್ದ ಮೇಷ್ಟ್ರು ಡಬ್ಬಿಯ ಮೆಟ್ಟಿಲ ಮೇಲೆ ಹಾಗೇ ಕುಳಿತರು. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಸೆರಗೊಡ್ಡಿ ಲೋಕೇಶನ ತಾಂಬೂಲ ತೆಗೆದುಕೊಂಡಳು. ನನ್ನ ಪಾಲಿನದು ತಟ್ಟೆಯಲ್ಲೇ ಉಳಿಯಿತು. ತೆಗೆದುಕೋ ಎಂದು ಯಾರೂ ಹೇಳಲಿಲ್ಲ, ನಾನೂ ಕೈ ಚಾಚಲಿಲ್ಲ.

ಹನ್ನೊಂದರ ಹೊತ್ತಿಗೆ ಕೆಂಗೇರಿಯಲ್ಲಿ ಬಸ್ಸು ಸಿಕ್ಕಿತು. ದಾರಿಯುದ್ದಕ್ಕೂ ಅಮ್ಮ ನನ್ನ ಕಡೆ ನೋಡಿರಲಿಲ್ಲ. ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕುಳಿತಳು, ನಾನು ಹಿಂದೆ ಕಂಬ ಹಿಡಿದು ನಿಂತೆ. ಕಂಡಕ್ಟರ್ ಅವಳ ಬಳಿ ಹೋಗಿ, "ಎಲ್ಲಿಗಮ್ಮ?" ಎಂದ.

ಅಮ್ಮ ತಿರುಗಲಿಲ್ಲ. ಹೆಗಲ ಮೇಲಿಂದ ಕೈ ಹಿಂದಕ್ಕೆ ತೋರಿಸಿ, "ನನ್ನ ಮಗ ಹಿಂದಿದಾನೆ. ಅವನ ಹತ್ರ ಇಸ್ಕೊಳಪ್ಪ," ಎಂದಳು.