ಹಳ್ಳದ ಜ್ವರ ನೋಡುವವನು

ನಮ್ಮ ಯಜಮಾನರು, ನನ್ನ ಗಂಡ ಬೆಳ್ಳಪ್ಪ, ಒಂದು ಸಂಜೆ ಗದ್ದೆಯಿಂದ ಬರುತ್ತಾ ಹಳ್ಳದಲ್ಲಿ ಬೊಗಸೆ ನೀರು ಕುಡಿದು, ಉಂಡು ಮಲಗಿದರು. ಮರುದಿನ ವಾಂತಿಭೇದಿ, ಹೊಸನಗರದ ಆಸ್ಪತ್ರೆ ಮುಟ್ಟುವ ಮೊದಲು ಬಸ್ಸಿನಲ್ಲೇ ತೀರಿಹೋದರು. ಆಮೇಲೆ ಬರತೊಡಗಿದವನು ತೀರ್ಥಹಳ್ಳಿ ಕಡೆಯ ಗೌಡರ ಹುಡುಗ ಹೂವಯ್ಯ, ಕಾಲೇಜಿನಲ್ಲಿ ಹಳ್ಳದ ನೀರಿನ ಬಗ್ಗೆ ಓದುವವನು. ಭಾನುವಾರ ಬಂದರೆ ಪ್ಯಾಂಟು ಮಡಚಿ ಹಳ್ಳಕ್ಕಿಳಿದು, ಅದಕ್ಕೇ ಜ್ವರ ಬಂದ ಹಾಗೆ ಥರ್ಮಾಮೀಟರ್ ಅದ್ದುತ್ತಾನೆ. ಕಲ್ಲು ಮಗುಚಿ ಹುಳ ಎಣಿಸುತ್ತಾನೆ, ಕಲ್ಲನ್ನು ಮಗು ಮಲಗಿಸಿದಂತೆ ಮೊದಲಿನ ಹಾಗೇ ಇಡುತ್ತಾನೆ. “ಈ ಹುಳ ಇದ್ರೆ ನೀರು ಚಲೋ ಅಂತ ಲೆಕ್ಕ ಅಮ್ಮಾ” ಅಂತ ನಗುತ್ತಾನೆ. ಹುಳದ ನೀರು ಚಲೋ ಅನ್ನುವವನನ್ನು ನಂಬುವುದು ಹೇಗೆ? ನಮ್ಮ ಹಳೇ ಗದ್ದೆ ಮುಳುಗಿಸಿದ ಅಣೆಕಟ್ಟೆಗೆ ಅಳೆಯಲು ಬಂದವರೂ ಹೀಗೇ ನಗುತ್ತಾ ಬಂದಿದ್ದರು. ಬಾಟಲಿ ತುಂಬಿಕೊಳ್ಳುತ್ತಾನೆ, ನಾನು ಕೊಟ್ಟ ನೀರು ಮಾತ್ರ ಮುಟ್ಟುವುದಿಲ್ಲ. ಒಂದು ದಿನ ಕೇಳಿಯೇಬಿಟ್ಟೆ: “ಏನ್ ಗೌಡ್ರೇ, ನಮ್ಮ ಜಾತಿಯೋರ ನೀರು ಗಂಟಲಲ್ಲಿ ಇಳಿಯಲ್ವಾ?” ಅವನ ಮುಖ ಸಣ್ಣಗಾಯಿತು. “ಜಾತಿ ಅಲ್ಲಮ್ಮಾ, ಈ ಹಳ್ಳದ ನೀರಿಗೆ ಹೆದರ್ತೀನಿ. ಹುಳ ಇದ್ರೂ ಕಣ್ಣಿಗೆ ಕಾಣದ ರೋಗಾಣು ಇರಬಹುದು. ಕುದಿಸಿ ಕೊಡಿ, ಎರಡು ಲೋಟ ಕುಡೀತೀನಿ.” ಕುದಿಸಿ ಕೊಟ್ಟೆ, ಊದಿ ಊದಿ ಕುಡಿದ. “ಹಂಗಾದ್ರೆ ನಮ್ಮ ಯಜಮಾನ್ರು ಹೋಗಿದ್ದೂ ಈ ನೀರಿಂದ್ಲೇ...” ಅಂದೆ. ಅವನು ಲೋಟ ಕೆಳಗಿಟ್ಟು, “ಮಕ್ಕಳಿಗೂ ಕುದಿಸಿಯೇ ಕೊಡಿ ಅಮ್ಮಾ” ಅಂದ. ಅವನನ್ನು ಈಗಲೂ ನಾನು ಪೂರ್ತಿ ನಂಬಿಲ್ಲ. ಆದರೂ ದಿನಾ ಬೆಳಿಗ್ಗೆ ಮಕ್ಕಳು ಏಳುವ ಮೊದಲೇ ಒಲೆ ಹಚ್ಚಿ, ಕುಡಿಯುವ ನೀರು ಕುದಿಸಿ ಮುಚ್ಚಿಡುತ್ತೇನೆ.