ಯಶೋಧರಾ ಬರೆದ ಸ್ಟಾರ್ಟರ್

ಚನ್ನಗಿರಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ವಿರೂಪಾಕ್ಷಪ್ಪನವರು ಈಚೆಗೆ ವಿಸಿಟಿಂಗ್ ಕಾರ್ಡಿನಲ್ಲಿ ‘ಸಂಸ್ಥಾಪಕರು’ ಆಗಿದ್ದಾರೆ. ಸಂಸ್ಥೆ ಎಂದರೆ ಅಂಗಡಿಯ ಅಟ್ಟ. ಸಿಬ್ಬಂದಿ ಎಂದರೆ ಜಗಳೂರಿನ ಯಶೋಧರಾ. ಹೊಲದ ಮೋಟರನ್ನು ಮೊಬೈಲಿನಿಂದಲೇ ಚಾಲೂ, ಬಂದ್ ಮಾಡಿಸುವ ಪ್ರೋಗ್ರಾಂ ಅವಳದು. ಡಿಪ್ಲೊಮಾ ಮುಗಿಸಿ, ಮಿಕ್ಕಿದ್ದನ್ನು ಯೂಟ್ಯೂಬ್ ನೋಡಿ ಕಲಿತವಳು. ಕೋಡ್ ಓಡಿದರೆ ಕೆಲಸ ಮುಗಿಯಿತು ಎಂದೇ ನಂಬಿದ್ದಳು.

ಮೊದಲೆಲ್ಲ ಬಾವಿಗೆ ಇಳಿಯುವವರು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಯಶೋಧರಾಳ ಪ್ರೋಗ್ರಾಂ ಬಂದ ಮೇಲೆ ಆ ರೂಢಿ ತಪ್ಪಿತು. ‘ಬಂದ್’ ಒತ್ತಿದರೆ ‘ಮೋಟರ್ ನಿಂತಿದೆ’ ಎಂದು ಮೆಸೇಜು ಬರುತ್ತಿತ್ತು, ಅಷ್ಟು ಸಾಕಾಗಿತ್ತು.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಅವಳು ಪರದೆ ನೋಡುತ್ತ ಬೆಚ್ಚಿದಳು. ಉಬ್ರಾಣಿಯ ರೈತ ಬೆನಕಪ್ಪನ ಹೊಲದಲ್ಲಿ ಮೋಟರನ್ನು ಹಾಕಿ ಆರಿಸುವ ಸ್ಟಾರ್ಟರ್ ಪೆಟ್ಟಿಗೆ ಕರೆಂಟಿಲ್ಲದೆ ಬೆಳಗಿನಿಂದ ಮೂಕವಾಗಿತ್ತು. ಆದರೂ ಈಗಷ್ಟೇ ‘ಬಂದ್’ ಒತ್ತಿದ ಅವನಿಗೆ ‘ಮೋಟರ್ ನಿಂತಿದೆ’ ಎಂದು ಮೆಸೇಜು ಹೋಗಿತ್ತು.

“ಸರ್, ಸ್ಟಾರ್ಟರಿಗೆ ಆರ್ಡರ್ ಮುಟ್ಟೇ ಇಲ್ಲ. ಅದು ಕೇಳಿಸ್ಕಳ್ಳಾಕೆ ಮೊದ್ಲೇ ನಾವು ನಿಂತೈತೆ ಅಂತ ಹೇಳಿಬಿಡ್ತೀವಿ. ಹಿಂದಿನ ಚಾಲೂ ಆರ್ಡರೇ ಅದ್ರಾಗೆ ಉಳಿದೈತೆ, ಕರೆಂಟ್ ಬಂದ್ರೆ ಮೋಟರ್ ತಂತಾನೇ ಚಾಲೂ ಆಗ್ತೈತೆ.”

“ತಡ ಮಾಡ್ದಂಗೆ ಹೇಳ್ಬೇಕು ಅಂದೋನೇ ನಾನು ಕಣಮ್ಮ. ಅದಕ್ಕೇ ಜನ ನಮ್ಮನ್ನ ನಂಬ್ಯಾರೆ.”

“ನಂಬಿ ಬಾವಿಗೆ ಇಳಿದ್ರೆ?”

ಸಂಸ್ಥಾಪಕರು ಕಾರ್ಡುಗಳ ಕಟ್ಟನ್ನು ನೆಟ್ಟಗೆ ಜೋಡಿಸಿಟ್ಟರು.

ಯಶೋಧರಾ ಬೆನಕಪ್ಪನಿಗೆ ಫೋನ್ ಮಾಡಿದಳು. ಎತ್ತಿದ್ದು ಅವನ ಹೆಂಡತಿ ರುದ್ರಾಣಿ.

“ಅವ್ರು ಬಾವಿಯಾಗೆ ಅದಾರೆ ಕಣವ್ವ. ಮೋಟರಿಗೆ ಕಸ ಸಿಕ್ಕೈತೆ, ಕೈ ಹಾಕಿ ತೆಗೀತಾ ಅದಾರೆ.”

“ಅಕ್ಕಾ, ಮೊದ್ಲು ಫ್ಯೂಸ್ ಕೀಳ್ರಿ.”

“ನಿಂತೈತೆ ಅಂತ ನಿಮ್ಮ ಮೆಸೇಜೇ ಬಂದೈತಲ್ಲ.”

“ಅದು ಸುಳ್ಳು. ಬರೆದೋಳು ನಾನೇ. ಓಡ್ರಿ ಅಕ್ಕಾ.”

ಚಪ್ಪಲಿಯ ಸದ್ದು, ಮೇಲೆ ಬರ್ರಿ ಎಂಬ ಕೂಗು, ಏದುಸಿರು ಕೇಳಿಸಿದವು. ಅಷ್ಟರಲ್ಲಿ ಪರದೆಯ ಮೇಲೆ ಉಬ್ರಾಣಿ ಹಸಿರಾಯಿತು. ಕರೆಂಟ್ ಬಂದಿತ್ತು. ಬಂದ ಕರೆಂಟು ನಿಲ್ಲುವುದೋ ಇಲ್ಲವೋ ಎಂದು ಸ್ಟಾರ್ಟರ್ ತುಸು ಹೊತ್ತು ಕಾದು ಮೋಟರ್ ಹಾಕುತ್ತದೆ. ಆ ತುಸು ಹೊತ್ತನ್ನೂ ಅವಳೇ ಬರೆದಿದ್ದಳು, ಇನ್ನಷ್ಟು ಹೆಚ್ಚು ಹೊತ್ತು ಇಡಬೇಕಿತ್ತು.

ಹಸಿರು ಆರಿತು.

“ಕಿತ್ತೆ ಕಣವ್ವ,” ಎಂದಳು ರುದ್ರಾಣಿ. ಬಾವಿಯೊಳಗಿನಿಂದ, ಕೆಲಸ ಮುಗಿಯೋಕೆ ಮುಂಚೆ ಯಾಕೆ ಕೂಗ್ತೀಯ ಎಂದು ಬೆನಕಪ್ಪ ಬೈಯುತ್ತಿದ್ದ.

ಯಶೋಧರಾ ಕೂತಲ್ಲೇ ತಿದ್ದಿದಳು. ಸ್ಟಾರ್ಟರ್ ಉತ್ತರ ಕೊಡದಿದ್ದರೆ ಇನ್ನು ಮುಂದೆ ‘ಗೊತ್ತಿಲ್ಲ. ಫ್ಯೂಸ್ ಕೀಳಿ’ ಎಂದು ಹೋಗಬೇಕು.

“ನಮ್ಮ ಮಿಷಿನ್ನೇ ಗೊತ್ತಿಲ್ಲ ಅಂದ್ರೆ ಮರ್ಯಾದೆ ಏನುಳೀತಮ್ಮ?” ಎಂದರು ವಿರೂಪಾಕ್ಷಪ್ಪ.

ಅವಳು ಆಗಲೇ ಬೆಳಗಿನಿಂದ ಸುಳ್ಳು ಮೆಸೇಜು ಹೋದವರಿಗೆಲ್ಲ ಫೋನ್ ಮಾಡುತ್ತಿದ್ದಳು. ಹೊನ್ನಾಳಿಯವರು ಎತ್ತಿದರು, ನ್ಯಾಮತಿಯವರು ಎತ್ತಿದರು. ಸೊಕ್ಕೆ ಊರಿನವರ ನಂಬರು ರಿಂಗಾಗುತ್ತಲೇ ಇತ್ತು.